ಸರಕಾರದ ಸಂಬಳ, ದೇವರ ಸೇವೆ: ಕಂಪೆನಿ ಕಾಲದ ಸ್ಕಾಟಿಷ್ ಪಾದ್ರಿಗಳು

ಧರ್ಮಗುರುವಿನ ಜೀವನೋಪಾಯವನ್ನು ನೋಡಿಕೊಳ್ಳಬೇಕಾದವರು ಯಾರು? ಭಕ್ತಜನರೇ, ಧರ್ಮಸಂಸ್ಥೆಯೇ ಅಥವಾ ಸರಕಾರವೇ? ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಇನಾಮು, ತಸ್ತೀಕು, ಮುಜರಾಯಿ ಎಂಬ ಮಾತುಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗರಿಗೆಲ್ಲ ಪರಿಚಿತವೇ. ಮುಳಬಾಗಿಲಿನ ಗಡಿ ದಾಟಿದರೆ ಸಿಗುವ ಆಂಧ್ರಪ್ರದೇಶದಲ್ಲಿ, ಅಲ್ಲಿನ ಸರಕಾರವು ಅರ್ಚಕರು ಮತ್ತು ಇಮಾಮರಂತೆಯೇ ಕ್ರೈಸ್ತ ಪಾಸ್ಟರುಗಳಿಗೂ ತಿಂಗಳಿಗೆ 5,000 ರೂಪಾಯಿ ಗೌರವಧನವನ್ನು 2021ರಲ್ಲಿ ಪ್ರಕಟಿಸಿದಾಗ, ಈ ಹಳೆಯ ಪ್ರಶ್ನೆ ಮತ್ತೆ ಜೀವ ತಳೆಯಿತು. ಅದು ಸಹಾಯವೇ, ಸಂಕೋಲೆಯೇ ಎಂಬ ಚರ್ಚೆ ಕ್ರೈಸ್ತ ಸಮುದಾಯದಲ್ಲಿ ಸಹಜವಾದುದೇ. ಇಂತಹುದೇ ಒಂದು ಪರೀಕ್ಷೆಯನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಪಾದ್ರಿಗಳು ಭಾರತದ ನೆಲದಲ್ಲಿ ಎದುರಿಸಿದರು. ಕಥೋಲಿಕರಾದ ನಮಗೂ ಅದರಲ್ಲಿ ಕಲಿಯಬೇಕಾದುದಿದೆ.

ಸನ್ನದಿನಲ್ಲಿ ಬಂದ ಸಂಬಳ

ಈಸ್ಟ್ ಇಂಡಿಯಾ ಕಂಪೆನಿಯ ಸನ್ನದನ್ನು ಬ್ರಿಟನ್ನಿನ ಪಾರ್ಲಿಮೆಂಟು 1813ರಲ್ಲಿ ನವೀಕರಿಸಿತು. ವಿದ್ಯಾಭ್ಯಾಸಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿರಿಸಬೇಕೆಂಬ ವಿಧಿಯಿಂದಾಗಿ ಆ ಶಾಸನ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಅದೇ ಶಾಸನವು ಕಲ್ಕತ್ತೆಗೆ ಒಬ್ಬ ಆಂಗ್ಲಿಕನ್ ಬಿಷಪರನ್ನೂ ಮೂರು ಪ್ರಾಂತ್ಯಗಳಿಗೆ ಒಬ್ಬೊಬ್ಬ ಆರ್ಚ್‌ಡೀಕನರನ್ನೂ ವಿಧಿಸಿತು. ಬಿಷಪರಿಗೆ ವರ್ಷಕ್ಕೆ 5,000 ಪೌಂಡು, ಆರ್ಚ್‌ಡೀಕನರಿಗೆ ತಲಾ 2,000 ಪೌಂಡು ವೇತನ. ಈ ಹಣ ಇಂಗ್ಲೆಂಡಿನ ಭಕ್ತರ ಕಾಣಿಕೆಯಿಂದ ಬರುವುದಲ್ಲ, ಭಾರತದ ಕಂದಾಯದಿಂದಲೇ ಬರತಕ್ಕದ್ದು.

ಕಂಪೆನಿಯ ನೌಕರಿಯಲ್ಲಿದ್ದ ಸ್ಕಾಟರು ಸುಮ್ಮನಿರಲಿಲ್ಲ. ಸೈನ್ಯದಲ್ಲಿ, ಆಡಳಿತದಲ್ಲಿ, ವ್ಯಾಪಾರದಲ್ಲಿ ಅವರ ಸಂಖ್ಯೆ ದೊಡ್ಡದು. ನಮ್ಮ ಮಾಲೂರಿಗೆ ನೆರೆಯದಾದ ಬಾರಾಮಹಲ್ ಸೀಮೆಯಲ್ಲಿ ಕಂದಾಯದ ಕೆಲಸ ಕಲಿತು, ಮುಂದೆ ಮದರಾಸಿನ ಗವರ್ನರರಾದ ಥಾಮಸ್ ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರು. ಸ್ಕಾಟ್ಲೆಂಡಿನ ಧರ್ಮಸಭೆಯಲ್ಲಿ ಬಿಷಪರಿಲ್ಲ; ಪಾದ್ರಿಗಳೂ ಹಿರಿಯರೂ ಕೂಡಿದ ಸಭೆಗಳೇ ಅಲ್ಲಿ ಆಡಳಿತ ನಡೆಸುತ್ತವೆ. ಆ ದೇಶದಲ್ಲಿ ರಾಜ್ಯಮಾನ್ಯ ಧರ್ಮಸಭೆ ಅದೇ. ಹೀಗಿರುವಾಗ ಇಂಗ್ಲೆಂಡಿನ ಸಭೆಗೆ ಮಾತ್ರ ಖಜಾನೆಯ ಬಾಗಿಲು ತೆರೆಯುವುದು ಅನ್ಯಾಯವೆಂಬುದು ಅವರ ವಾದ. ಕಂಪೆನಿಯ ನಿರ್ದೇಶಕರು ಅದಕ್ಕೆ ಮಣಿದು, ಕಲ್ಕತ್ತೆ, ಮದರಾಸು, ಬೊಂಬಾಯಿಗಳಿಗೆ ಒಬ್ಬೊಬ್ಬ ಪ್ರೆಸ್ಬಿಟೇರಿಯನ್ ಪಾದ್ರಿಯನ್ನು ಸರಕಾರಿ ಸಂಬಳದ ಮೇಲೆ ನೇಮಿಸಲು ಒಪ್ಪಿದರು.

ಗೋಪುರದ ಜಗಳ

ಕಲ್ಕತ್ತೆಗೆ ನೇಮಕಗೊಂಡವರು ಜೇಮ್ಸ್ ಬ್ರೈಸ್. 1814ರ ಕೊನೆಯಲ್ಲಿ ಬಿಷಪ್ ಮಿಡ್ಲ್‌ಟನ್ನರೂ ಬ್ರೈಸರೂ ಒಂದೇ ಹಡಗಿನಲ್ಲಿ ಬಂದಿಳಿದರು. ಹಡಗು ಒಂದಾದರೂ ಮನಸ್ಸು ಒಂದಾಗಲಿಲ್ಲ. ಹಳೆಯ ನ್ಯಾಯಾಲಯದ ನಿವೇಶನದಲ್ಲಿ ಸರಕಾರದ ನೆರವಿನಿಂದ ಸಂತ ಅಂದ್ರೆಯನ ಹೆಸರಿನ ಸ್ಕಾಟಿಷ್ ದೇವಾಲಯ ಏಳತೊಡಗಿದಾಗ, ಅದಕ್ಕೆ ಎತ್ತರದ ಗೋಪುರ ಇರಕೂಡದೆಂದು ಬಿಷಪರು ಆಕ್ಷೇಪಿಸಿದರೆಂದೂ, ತಮ್ಮ ಗೋಪುರ ನಿಮ್ಮದಕ್ಕಿಂತ ಎತ್ತರವಾಗುವುದು ಮಾತ್ರವಲ್ಲ, ಅದರ ತುದಿಯಲ್ಲಿ ಕೋಳಿಹುಂಜವನ್ನೂ ನಿಲ್ಲಿಸುವೆನೆಂದು ಬ್ರೈಸರು ಸವಾಲು ಹಾಕಿದರೆಂದೂ ಕಲ್ಕತ್ತೆಯಲ್ಲಿ ಕಥೆ ಹೇಳುವುದುಂಟು. 1818ರಲ್ಲಿ ಆ ದೇವಾಲಯ ತೆರೆಯಿತು, ಹುಂಜವೂ ಗೋಪುರವನ್ನೇರಿತು.

ಇದು ನಗುವ ಮಾತಾದರೂ, ಅದರ ಹಿಂದಿದ್ದ ಇನ್ನೊಂದು ಪ್ರಶ್ನೆ ಸಂಸಾರಗಳನ್ನೇ ತಟ್ಟುವಂತಹುದು. ಸ್ಕಾಟಿಷ್ ಪಾದ್ರಿ ನಡೆಸಿದ ವಿವಾಹವು ಭಾರತದಲ್ಲಿ ಕಾಯಿದೆಯ ಪ್ರಕಾರ ಊರ್ಜಿತವೇ ಎಂಬ ಸಂದೇಹವೆದ್ದಿತು. ಊರ್ಜಿತವಲ್ಲವಾದರೆ ದಂಪತಿಗಳ ಮತ್ತು ಮಕ್ಕಳ ಗತಿಯೇನು? ಕೊನೆಗೆ 1818ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾಯಿದೆ ಮಾಡಿ ಆ ವಿವಾಹಗಳಿಗೆ ಮಾನ್ಯತೆ ನೀಡಬೇಕಾಯಿತು.

ಮದರಾಸಿನಲ್ಲಿ ಕಂಪೆನಿಯ ವೆಚ್ಚದಲ್ಲಿ ಎದ್ದ ಸಂತ ಅಂದ್ರೆಯನ ದೇವಾಲಯದ ಅಸ್ತಿಭಾರ ಬಿದ್ದುದು 1818ರಲ್ಲಿ, ಬಾಗಿಲು ತೆರೆದುದು 1821ರಲ್ಲಿ. ಎಳೆ ಮಣ್ಣಿನ ಆ ನೆಲದಲ್ಲಿ ಸಾಲುಸಾಲಾಗಿ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಭಾರವನ್ನು ನಿಲ್ಲಿಸಿದ ಶಿಲ್ಪಿ ಮೇಜರ್ ಡಿ ಹ್ಯಾವಿಲೆಂಡ್. ಶ್ರೀರಂಗಪಟ್ಟಣದಲ್ಲಿ 1808ರಲ್ಲಿ ಇಟ್ಟಿಗೆಯ ವಿಶಾಲವಾದ ಕಮಾನನ್ನು ಕಟ್ಟಿ ನಮ್ಮ ನಾಡಿನಲ್ಲಿ ಹೆಸರಾದವರೂ ಅವರೇ.

ಬಲಿಪೀಠದಿಂದ ಕಾಗದದ ಉಗ್ರಾಣಕ್ಕೆ

ಸರಕಾರಿ ಸಂಬಳದ ಅಪಾಯ ಏನೆಂಬುದು ನಿಜವಾಗಿ ಬಯಲಾದುದು 1823ರಲ್ಲಿ. ಹಂಗಾಮಿ ಗವರ್ನರ್ ಜನರಲ್ ಆಗಿದ್ದ ಜಾನ್ ಆಡಮ್ ಅವರು ಬ್ರೈಸರನ್ನು ಸರಕಾರದ ಲೇಖನಸಾಮಗ್ರಿ ಸಮಿತಿಯ ಕಾರ್ಯದರ್ಶಿಯನ್ನಾಗಿ ನೇಮಿಸಿದರು. ದೇವರ ವಾಕ್ಯವನ್ನು ಸಾರಬೇಕಾದ ಪಾದ್ರಿಗೆ ಕಚೇರಿಗಳ ಕಾಗದ, ಲೇಖನಿ, ಅಂಟುಗಳ ಲೆಕ್ಕವಿಡುವ ಉದ್ಯೋಗ! ಬ್ರೈಸರು ಆಗಲೇ ಸರಕಾರದ ಪರವಾಗಿ ಪತ್ರಿಕೆಗಳಲ್ಲಿ ಬರೆಯುತ್ತಿದ್ದವರಾದುದರಿಂದ, ಇದು ಅದಕ್ಕೆ ದೊರೆತ ಪ್ರತಿಫಲವೆಂದು ಅನೇಕರಿಗೆ ತೋರಿತು. 'ಕಲ್ಕತ್ತಾ ಜರ್ನಲ್' ಪತ್ರಿಕೆಯ ಸಂಪಾದಕ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮ್ ಈ ನೇಮಕವನ್ನು ಲೇವಡಿ ಮಾಡಿದರು. ಪರಿಣಾಮವಾಗಿ ಅವರನ್ನು ದೇಶದಿಂದಲೇ ಹೊರಗಟ್ಟಲಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ಪತ್ರಿಕೆಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ನಿಬಂಧನೆ ಜಾರಿಗೆ ಬಂದಿತು. ಇದನ್ನು ವಿರೋಧಿಸಿ ರಾಜಾ ರಾಮಮೋಹನ ರಾಯರು ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು, ತಮ್ಮ ಪಾರಸಿ ಪತ್ರಿಕೆ 'ಮಿರಾತ್-ಉಲ್-ಅಖ್ಬಾರ್'ಅನ್ನು ಪ್ರತಿಭಟನಾರ್ಥವಾಗಿ ನಿಲ್ಲಿಸಿದರು. ಭಾರತದ ಪತ್ರಿಕಾ ಸ್ವಾತಂತ್ರ್ಯದ ಮೊದಲ ಹೋರಾಟಗಳಲ್ಲೊಂದಕ್ಕೆ ಒಬ್ಬ ಧರ್ಮಗುರುವಿನ ಸರಕಾರಿ ಹುದ್ದೆಯೇ ಕಿಡಿಯಾಯಿತೆಂಬುದು ವಿಷಾದದ ಸಂಗತಿ. ಲಂಡನ್ನಿನ ನಿರ್ದೇಶಕರೂ ಈ ನೇಮಕವನ್ನು ಒಪ್ಪಲಿಲ್ಲ.

ಆದರೆ ಬ್ರೈಸರಿಗೆ ಅನ್ಯಾಯವಾಗಕೂಡದು. ಭಾರತದಲ್ಲಿ ಸ್ಕಾಟಿಷ್ ಸಭೆ ವಿದ್ಯಾಲಯವನ್ನು ತೆರೆಯಬೇಕೆಂದು ಸ್ವದೇಶದ ಮಹಾಸಭೆಗೆ ಬರೆದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಅಲೆಕ್ಸಾಂಡರ್ ಡಫ್ 1830ರಲ್ಲಿ ಕಲ್ಕತ್ತೆಯಲ್ಲಿ ಶಾಲೆ ತೆರೆದುದಕ್ಕೆ ಅದೂ ಕಾರಣ. ಮದರಾಸಿನಲ್ಲಿ ಸಂಬಳದ ಪಾದ್ರಿಗಳಿಬ್ಬರು 1835ರಲ್ಲಿ ಆರಂಭಿಸಿದ ಚಿಕ್ಕ ಶಾಲೆಯೇ, 1837ರಲ್ಲಿ ಜಾನ್ ಆಂಡರ್ಸನ್ನರ ಕೈಗೆ ಬಂದು, ಕಾಲಾಂತರದಲ್ಲಿ ಮದರಾಸು ಕ್ರಿಶ್ಚಿಯನ್ ಕಾಲೇಜಾಗಿ ಬೆಳೆಯಿತು. ಸರಕಾರದ ಅನ್ನ ಉಂಡವರೆಲ್ಲ ಸರಕಾರದ ಚಾಕರರೇ ಆದರೆಂದು ತೀರ್ಪು ಕೊಡಲಾಗದು.

ದೊಡ್ಡ ಸ್ವಾಮಿಯವರ ದಾರಿ

ಇದೇ ಕಾಲದಲ್ಲಿ ಮೈಸೂರು ಸೀಮೆಯ ಕಥೋಲಿಕ ಗುರುಗಳ ಸ್ಥಿತಿ ಹೇಗಿತ್ತು? ಶ್ರೀನಿವಾಸಪುರದ ಮೂಡಣಕ್ಕಿರುವ ಪುಂಗನೂರು, ಪಡುವಣಕ್ಕಿರುವ ಚಿಕ್ಕಬಳ್ಳಾಪುರ ಮೊದಲಾದೆಡೆ ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳು ಕರ್ನಾಟಿಕ್ ಮಿಷನ್ನಿನ ಕೆಲಸ ನಡೆಸಿದ್ದರು. 1773ರಲ್ಲಿ ಯೇಸುಸಭೆ ರದ್ದಾಯಿತು. ಅದರ ಹೊಣೆ ಹೊತ್ತ ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಗೆ, 1789ರಲ್ಲಿ ಭುಗಿಲೆದ್ದ ಫ್ರೆಂಚ್ ಕ್ರಾಂತಿಯ ದೆಸೆಯಿಂದ ತಾಯ್ನಾಡಿನ ನೆರವೂ ಬತ್ತಿತು.

ಇಂತಹ ದುರ್ಭಿಕ್ಷದಲ್ಲಿ ದುಡಿದವರು ಫಾದರ್ ಜ್ಯಾಂ ಆಂತ್ವಾನ್ ದ್ಯುಬ್ವಾ. ಶ್ರೀರಂಗಪಟ್ಟಣ ಪತನಗೊಂಡ 1799ರ ನಂತರ ಮೈಸೂರು ಸೀಮೆಗೆ ಬಂದ ಅವರು ನಾಡಿನವರಂತೆ ಉಡುಪು ಧರಿಸಿದರು, ಮಾಂಸಾಹಾರ ತ್ಯಜಿಸಿದರು, ಹಾಸನದ ಕಡೆಯ ಸಾತಳ್ಳಿಯಲ್ಲಿ ನಿರಾಶ್ರಿತ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಕಲ್ಪಿಸಿದರು. ಜನ ಅವರನ್ನು ಕರೆದುದು 'ದೊಡ್ಡ ಸ್ವಾಮಿಯವರು' ಎಂದು. ಸಿಡುಬಿನ ಹಾವಳಿಯ ದಿನಗಳಾದ 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದ ಕೀರ್ತಿ ಅವರದು.

ದೊಡ್ಡ ಸ್ವಾಮಿಯವರಿಗೂ ಕಂಪೆನಿಯ ಹಣ ಸಂದಿತು. ಹಿಂದೂಗಳ ಆಚಾರವಿಚಾರಗಳ ಕುರಿತ ಅವರ ಹಸ್ತಪ್ರತಿಯನ್ನು, ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಶಿಫಾರಸಿನ ಮೇರೆಗೆ ಮದರಾಸು ಸರಕಾರ 1807ರಲ್ಲಿ 2,000 ವರಹಗಳಿಗೆ ಕೊಂಡಿತು. ಬ್ರೈಸರ ಪ್ರಕರಣ ಕಲ್ಕತ್ತೆಯಲ್ಲಿ ಭುಗಿಲೆದ್ದ ಅದೇ 1823ರ ಜನವರಿಯಲ್ಲಿ ದ್ಯುಬ್ವಾ ಅವರು ಕಂಪೆನಿಯ ವಿಶೇಷ ಪಿಂಚಣಿಯೊಂದಿಗೆ ಭಾರತ ಬಿಟ್ಟರು. ಆದರೆ ಒಂದು ಭೇದವನ್ನು ಗುರುತಿಸಬೇಕು. ಬ್ರೈಸರಿಗೆ ಸಂದುದು ಹುದ್ದೆಯ ವೇತನ. ಅದನ್ನು ಕೊಟ್ಟವರು ವಿಧೇಯತೆಯನ್ನು ನಿರೀಕ್ಷಿಸಬಲ್ಲರು. ದ್ಯುಬ್ವಾ ಅವರಿಗೆ ಸಂದುದು ಮಾಡಿ ಮುಗಿಸಿದ ದುಡಿಮೆಯ ಮನ್ನಣೆ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಕುರಿತು ಯಾರಿಗೂ ರುಚಿಸದ ಮಾತುಗಳನ್ನು ನಿರ್ಭಿಡೆಯಿಂದ ಬರೆದರು. ಅವರ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಪಿಂಚಣಿ ಅವರ ಲೇಖನಿಯನ್ನು ಕಟ್ಟಿಹಾಕಲಿಲ್ಲ.

ಕಥೋಲಿಕರಿಗೆ ತೆರೆದ ಕಿಂಡಿ

1833ರ ಸನ್ನದು ಶಾಸನವು ಪ್ರತಿ ಪ್ರಾಂತ್ಯದಲ್ಲಿ ಇಬ್ಬರು ಸ್ಕಾಟಿಷ್ ಪಾದ್ರಿಗಳು ಇರಲೇಬೇಕೆಂದು ವಿಧಿಸಿ ಅವರ ಸ್ಥಾನವನ್ನು ಭದ್ರಗೊಳಿಸಿತು. ಅದೇ ವಿಧಿಯ ಕೊನೆಯಲ್ಲಿ, ಇತರ ಯಾವುದೇ ಕ್ರೈಸ್ತ ಪಂಗಡಕ್ಕೂ ಶಿಕ್ಷಣಕ್ಕಾಗಿ ಇಲ್ಲವೆ ಆರಾಧನಾ ಮಂದಿರಗಳ ಪೋಷಣೆಗಾಗಿ ಸರಕಾರ ಹಣ ಮಂಜೂರು ಮಾಡಬಹುದೆಂಬ ಮಾತು ಸೇರಿತು. ಸ್ಕಾಟರಿಗೆ ಹಕ್ಕು, ಕಥೋಲಿಕರಿಗೆ ಅನುಗ್ರಹ! ಬೆಂಗಳೂರು ದಂಡಿನ ಗೋರಾ ಸಿಪಾಯಿಗಳಲ್ಲಿ ಐರ್ಲೆಂಡಿನ ಕಥೋಲಿಕರ ಪಾಲು ದೊಡ್ಡದಾಗಿದ್ದುದನ್ನು ನೆನೆದರೆ ಈ ತಾರತಮ್ಯದ ಕಹಿ ಅರಿವಾದೀತು. ಅವರ ಆತ್ಮಸೇವೆಗೆಂದು ಎದ್ದ ಸಂತ ಪ್ಯಾಟ್ರಿಕರ ದೇವಾಲಯ 1840ರ ದಶಕದ್ದು.

ಐರ್ಲೆಂಡಿನಲ್ಲೂ ಇದೇ ಸ್ಪರ್ಧೆ ನಡೆದಿತ್ತು. ಅಲ್ಲಿನ ಪ್ರೆಸ್ಬಿಟೇರಿಯನ್ ಪಾದ್ರಿಗಳಿಗೆ 'ರಾಜದಾನ' ಎಂಬ ಸರಕಾರಿ ವೇತನವಿತ್ತು. 1803ರಲ್ಲಿ ಅದನ್ನು 100, 75, 50 ಪೌಂಡುಗಳ ಮೂರು ದರ್ಜೆಗಳಾಗಿ ವಿಂಗಡಿಸಿದರು. ಕಥೋಲಿಕರ ಮೇನೂತ್ ಗುರುಮಠಕ್ಕೂ 1795ರಿಂದ ಸರಕಾರಿ ಅನುದಾನ ಸಲ್ಲುತ್ತಿತ್ತು. ಎರಡನ್ನೂ ಒಂದೇ ಕಾಯಿದೆ, 1869ರಲ್ಲಿ, ಕೊನೆಗಾಣಿಸಿತು. ಕೊಟ್ಟ ಕೈ ಹಿಂತೆಗೆಯಲೂ ಬಲ್ಲದು.

ಸಂಬಳ ತೊರೆದವರು

ಸ್ಕಾಟಿಷ್ ಸಭೆಗೆ ಅಗ್ನಿಪರೀಕ್ಷೆ ಬಂದುದು 1843ರ ಮೇ ತಿಂಗಳಲ್ಲಿ. ಜಮೀನ್ದಾರರು ತಮಗೆ ಬೇಕಾದ ಪಾದ್ರಿಯನ್ನು ಭಕ್ತರ ಇಚ್ಛೆಗೆ ವಿರುದ್ಧವಾಗಿ ಹೇರಬಹುದೆಂದು ನ್ಯಾಯಾಲಯಗಳು ಎತ್ತಿಹಿಡಿದಾಗ, 450ಕ್ಕೂ ಹೆಚ್ಚು ಪಾದ್ರಿಗಳು ಸಂಬಳವನ್ನೂ ವಾಸದ ಮನೆಯನ್ನೂ ತೊರೆದು ಹೊರನಡೆದರು. 'ಸ್ವತಂತ್ರ ಸಭೆ' ಹುಟ್ಟಿತು. ಸುದ್ದಿ ಭಾರತಕ್ಕೆ ತಲಪಿದಾಗ ಸ್ಕಾಟಿಷ್ ಮಿಷನರಿಗಳೆಲ್ಲರೂ ಸ್ವತಂತ್ರ ಸಭೆಯನ್ನೇ ಸೇರಿದರು. ತಾವೇ ಕಟ್ಟಿ ಬೆಳೆಸಿದ ವಿದ್ಯಾಲಯದ ಕಟ್ಟಡವನ್ನೂ ಪುಸ್ತಕಭಂಡಾರವನ್ನೂ ಬಿಟ್ಟುಕೊಟ್ಟು ಡಫ್ ಅವರು ಕಲ್ಕತ್ತೆಯಲ್ಲಿ ಮೊದಲಿನಿಂದ ಆರಂಭಿಸಬೇಕಾಯಿತು. ಸರಕಾರಿ ಸಂಬಳದ ಪಾದ್ರಿಗಳಾದರೋ ಬಹುತೇಕ ತಮ್ಮ ತಮ್ಮ ಸ್ಥಾನಗಳಲ್ಲೇ ಉಳಿದರು. ಅವರನ್ನು ಹಳಿಯುವುದು ಸುಲಭ. ಆದರೆ ಪತ್ನಿ-ಮಕ್ಕಳ ಹೊಟ್ಟೆಪಾಡು ಒಂದೇ ಖಜಾನೆಯನ್ನು ನೆಚ್ಚಿರುವಾಗ ಆತ್ಮಸಾಕ್ಷಿಯ ದನಿಗೆ ಓಗೊಡುವುದು ಎಷ್ಟು ಕಠಿಣವೆಂಬುದನ್ನೂ ಅರಿಯಬೇಕು.

ಬೆಂಗಳೂರಿನಲ್ಲಿ ಸ್ಕಾಟಿಷ್ ಸಭೆಯ ಸಂತ ಅಂದ್ರೆಯನ ದೇವಾಲಯಕ್ಕೆ ಅಸ್ತಿಭಾರ ಬಿದ್ದುದು 1864ರಲ್ಲಿ. ಮಾಲೂರಿನ ಮೂಲಕ ಬೆಂಗಳೂರಿಗೆ ಮೊದಲ ರೈಲು ಓಡಿದ ವರ್ಷವೂ ಅದೇ. ಇಂದು ಬೆಂಗಳೂರಿನ ಮತ್ತು ಮದರಾಸಿನ ಆ ಎರಡು ದೇವಾಲಯಗಳೂ ದಕ್ಷಿಣ ಭಾರತ ಸಭೆಗೆ ಸೇರಿವೆ. ಬ್ರಿಟಿಷ್ ಆಳಿಕೆಯೊಂದಿಗೆ ಸಂಬಳದ ಪಾದ್ರಿಗಳ ಇಲಾಖೆಯೂ ಅಂತ್ಯಗೊಂಡಿತು. ಉಳಿದುದು ಭಕ್ತರ ಕಾಣಿಕೆಯ ಬಲದಿಂದ ನಿಂತ ಸಭೆ.

ನಮ್ಮ ಸಂವಿಧಾನದ 27ನೆಯ ವಿಧಿಯು ಯಾವುದೇ ಒಂದು ಧರ್ಮದ ಅಭಿವೃದ್ಧಿಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸಬಾರದೆಂದಿದೆ. ಹಾಗೆಂದು ಶಾಲೆಗೆ, ಆಸ್ಪತ್ರೆಗೆ, ಬಡವರ ಸೇವೆಗೆ ಸರಕಾರ ನೀಡುವ ನೆರವನ್ನು ತಿರಸ್ಕರಿಸಬೇಕಾಗಿಲ್ಲ. ದೇವಿ ಹಾಕಿಸಿದ ದೊಡ್ಡ ಸ್ವಾಮಿಯವರ ಮಾದರಿ ನಮ್ಮ ಮುಂದಿದೆ. ಆದರೆ ಗುರುವಿನ ದಿನದ ಅನ್ನದ ಹೊಣೆಯನ್ನು ಧರ್ಮಕೇಂದ್ರದ ವಿಶ್ವಾಸಿಗಳು ಸರಕಾರಕ್ಕೆ ಬಿಟ್ಟುಕೊಟ್ಟರೆ, ಗುರುವಿನ ನಾಲಗೆಯ ಮೇಲಿನ ಹಕ್ಕನ್ನೂ ಅದರೊಡನೆ ಬಿಟ್ಟುಕೊಟ್ಟಂತಾದೀತು. ಹಳ್ಳಿಯ ಬಡ ಕುಟುಂಬವೊಂದು ಸುಗ್ಗಿಯ ಕಾಲದಲ್ಲಿ ತಂದೊಪ್ಪಿಸುವ ಒಂದು ಸೇರು ರಾಗಿ ಅಲ್ಪವೆಂದು ತೋರಬಹುದು. ಅದನ್ನು ಕೊಟ್ಟವರು ಪ್ರತಿಯಾಗಿ ಕೇಳುವುದು ಪ್ರಾರ್ಥನೆಯನ್ನು ಮಾತ್ರ.