ಹತ್ತು ಲಕ್ಷ ನಾಗರಿಕರು, ಹದಿನಾರು ಸಾವಿರ ವಾಹನ

ಫಿನ್ಲೆಂಡ್‌ನ ಕೊಲೊಸಲ್ ಆರ್ಡರ್ ಸಂಸ್ಥೆ 2015ರಲ್ಲಿ ಹೊರತಂದ ‘ಸಿಟೀಸ್: ಸ್ಕೈಲೈನ್ಸ್’ ನಗರ ಕಟ್ಟುವ ಕಂಪ್ಯೂಟರ್ ಆಟ. ಅದರ ಪ್ರತಿ ನಾಗರಿಕನಿಗೂ ಹೆಸರು, ಮನೆ ಉಂಟು. ಇಷ್ಟೊಂದು ಜನರ ಲೆಕ್ಕವನ್ನು ಮನೆಯ ಕಂಪ್ಯೂಟರ್ ನಿಭಾಯಿಸುವುದು ಹೇಗೆ?

ನಾಗರಿಕರ ಪಟ್ಟಿಯಲ್ಲಿರುವ ಸ್ಥಾನಗಳು 10,48,576. ಇವರೆಲ್ಲರನ್ನೂ ಆಟ ಒಮ್ಮೆಗೇ ವಿಚಾರಿಸುವುದಿಲ್ಲ. ಗುಂಪುಗುಂಪಾಗಿ, ಸರದಿಯಂತೆ ವಿಚಾರಿಸುತ್ತದೆ. ಮನೆಯಲ್ಲಿ ಕುಳಿತವನು ಪಟ್ಟಿಯ ಒಂದು ನಮೂದು ಮಾತ್ರ. ಹೊರಗೆ ಹೊರಟಾಗಲಷ್ಟೇ ಅವನಿಗೆ ದೇಹ ದೊರೆಯುತ್ತದೆ. ಏಕಕಾಲಕ್ಕೆ ಹೀಗೆ ಸಂಚರಿಸಬಲ್ಲವರು 65,536 ಮಂದಿ, ವಾಹನಗಳು 16,384.

ಮಾರ್ಗವನ್ನು ಹೊರಡುವ ಮುನ್ನವೇ ಲೆಕ್ಕ ಹಾಕಲಾಗುತ್ತದೆ. ಮುಂದೆ ದಟ್ಟಣೆ ಕಂಡರೂ ಚಾಲಕ ದಾರಿ ಬದಲಿಸುವುದಿಲ್ಲ. ಪಕ್ಕದ ಪಥ ಖಾಲಿಯಿದ್ದರೂ ಒಂದೇ ಪಥದಲ್ಲಿ ಸಾಲು ಬೆಳೆಯುವುದು ಇದರಿಂದಲೇ. ಬಹಳ ಹೊತ್ತು ಸಿಲುಕಿದ ವಾಹನವನ್ನು ಆಟವೇ ಮಾಯ ಮಾಡುತ್ತದೆ. ನಿಜವಾದ ನಗರಗಳಿಗೆ ಈ ಭಾಗ್ಯವಿಲ್ಲ.

ಈ ಮಿತವ್ಯಯಕ್ಕೆ ಬೆಲೆಯೂ ಇದೆ. ವಾಹನಗಳ ಸ್ಥಾನಗಳೆಲ್ಲ ಭರ್ತಿಯಾದರೆ ಕಸದ ಲಾರಿಯೂ ಹೊರಡದು, ಅಗ್ನಿಶಾಮಕ ವಾಹನವೂ ಹೊರಡದು. 2023ರ ಅಕ್ಟೋಬರ್‌ನಲ್ಲಿ ಬಂದ ಎರಡನೆಯ ಆಟದಲ್ಲಿ ಇಂಥ ಕಟ್ಟುನಿಟ್ಟಿನ ಮಿತಿಯನ್ನು ಕೈಬಿಡಲಾಯಿತು. ಅಲ್ಲಿ ವಾಹನಗಳು ನಿಲ್ಲುವುದಿಲ್ಲ, ಆದರೆ ಜನಸಂಖ್ಯೆ ಏರಿದಂತೆ ಗಣನೆಯ ಹೊರೆ ಹೆಚ್ಚಿ ಆಟದ ಗಡಿಯಾರವೇ ನಿಧಾನವಾಗುತ್ತದೆ.