ಕಾಂಟೆಸ್ಸಾಕ್ಕೆ ದೊಡ್ಡ ಎಂಜಿನ್: ಲೆಕ್ಕ ಬಾನೆಟ್ ಕೆಳಗಷ್ಟೇ ಮುಗಿಯುವುದಿಲ್ಲ

1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಕಾಂಟೆಸ್ಸಾ ಕಾರನ್ನು ಮಾರುಕಟ್ಟೆಗೆ ತಂದಾಗ ಅದರ ಮೈಕಟ್ಟಿಗೂ ಎಂಜಿನ್ನಿಗೂ ತಾಳಮೇಳವೇ ಇರಲಿಲ್ಲ. ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನದು: ಉದ್ದನೆಯ ಮೂತಿ, ಕಾಲು ಚಾಚಿ ಕೂರುವಷ್ಟು ಜಾಗ, ಒಂದು ಟನ್ನಿಗೂ ಮೀರಿದ ತೂಕ. ಒಳಗಿದ್ದದ್ದು ಮಾತ್ರ ಅಂಬಾಸಿಡರ್‌ನ 1,489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಪೆಟ್ರೋಲ್ ಎಂಜಿನ್. ಶಕ್ತಿ ಸುಮಾರು 50 ಎಚ್‌ಪಿ. ನೋಡಲು ಭರ್ಜರಿ, ಏರು ಬಂದರೆ ಏದುಸಿರು. ಕೆಲವೇ ವರ್ಷಗಳಲ್ಲಿ ಕಂಪನಿಯೇ ತಪ್ಪು ತಿದ್ದಿಕೊಂಡು ಜಪಾನಿನ ಇಸುಜು ಕಂಪನಿಯ 1,817 ಸಿಸಿ ಎಂಜಿನ್ ಕೂರಿಸಿತು. ಶಕ್ತಿ 88 ಎಚ್‌ಪಿಯ ಆಸುಪಾಸಿಗೆ ಏರಿತು, ಜೊತೆಗೆ ಐದು ಗೇರಿನ ಪೆಟ್ಟಿಗೆಯೂ ಬಂತು. ತೊಂಬತ್ತರ ದಶಕದ ಮೊದಲಲ್ಲಿ ಅದೇ ಎಂಜಿನ್, ಶಕ್ತಿ ಕೊಂಚ ತಗ್ಗಿಸಿಕೊಂಡು, ಅಂಬಾಸಿಡರ್‌ಗೂ ಸಿಕ್ಕಿತು. ಹಾಗಾಗಿ ಹಳೆಯ ದೊಡ್ಡ ಕಾರಿಗೆ ದೊಡ್ಡ ಎಂಜಿನ್ ಹಾಕಿಸುವುದನ್ನು ಶೋಕಿಲಾಲರ ಹುಚ್ಚು ಎಂದು ತಳ್ಳಿಹಾಕಲು ಬರುವುದಿಲ್ಲ. ಆದರೆ ಕಾರ್ಖಾನೆ ಮಾಡಿದ ಬದಲಾವಣೆಗೂ ಗ್ಯಾರೇಜಿನಲ್ಲಿ ಆಗುವ ಬದಲಾವಣೆಗೂ ಒಂದು ವ್ಯತ್ಯಾಸವಿದೆ. ಕಾರ್ಖಾನೆ ಎಂಜಿನ್ನಿನ ಜೊತೆ ಗೇರ್‌ಬಾಕ್ಸನ್ನೂ ಬದಲಿಸಿತು. ಗ್ಯಾರೇಜಿನ ಕೆಲಸ ಬಹಳ ಸಲ ಎಂಜಿನ್ ಸ್ಟಾರ್ಟ್ ಆದ ದಿನವೇ ನಿಂತುಬಿಡುತ್ತದೆ.

ಎಚ್‌ಪಿಯ ಅಂಕಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಬೆಳಗಾವಿ ಜಿಲ್ಲೆಯ ಬೇಡಕಿಹಾಳ ಸುತ್ತಿನ ಜನಕ್ಕೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿಗೂ ಸುಮಾರು 50 ಎಚ್‌ಪಿಯೇ ಇರುತ್ತದೆ, ಮೊದಲ ಕಾಂಟೆಸ್ಸಾಕ್ಕೆ ಇದ್ದಷ್ಟೇ. ಟ್ರ್ಯಾಕ್ಟರಿನ ದೊಡ್ಡ ಡೀಸೆಲ್ ಎಂಜಿನ್ ನಿಧಾನ ತಿರುಗುತ್ತಲೇ ಜೋರಾಗಿ ಎಳೆಯುತ್ತದೆ, ಗೇರುಗಳು ಆ ಎಳೆತವನ್ನು ಇನ್ನಷ್ಟು ಹೆಚ್ಚಿಸಿ ಚಕ್ರಕ್ಕೆ ಕೊಡುತ್ತವೆ; ಅದಕ್ಕೆ ಪ್ರತಿಯಾಗಿ ವೇಗ ಬಿಟ್ಟುಕೊಡುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ ಜೋರಾಗಿ ತಿರುಗಿದರಷ್ಟೇ ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ನಿಪ್ಪಾಣಿ ದಾಟಿ ತವಂದಿ ಘಾಟಿಯಲ್ಲಿ ಐದು ಜನರನ್ನು ಕೂರಿಸಿಕೊಂಡ ಹಳೆ ಸೆಡಾನ್ ಗೇರು ಇಳಿಸಿ ಕಿರುಚಬೇಕಾಗುವುದು ಇದಕ್ಕೇ. ಸಿಸಿ ಹೆಚ್ಚಾದರೆ ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ. ದೊಡ್ಡ ಎಂಜಿನ್ನಿನ ನಿಜವಾದ ಲಾಭ ಅಲ್ಲಿದೆ, ಸ್ಪೀಡೋಮೀಟರಿನ ಕೊನೆಯ ಅಂಕಿಯಲ್ಲಿಲ್ಲ.

ಹಳೆ ಗಾಡಿಗಳು ಇಂಥ ಕೆಲಸಕ್ಕೆ ಒಗ್ಗುತ್ತವೆ ಎಂಬುದೂ ನಿಜ. ಅಂಬಾಸಿಡರ್, ಕಾಂಟೆಸ್ಸಾ ಎರಡರಲ್ಲೂ ಎಂಜಿನ್ ಉದ್ದುದ್ದ ಕೂರುತ್ತದೆ, ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಬಾನೆಟ್ ಕೆಳಗೆ ಕೈಯಾಡಲು ಜಾಗವಿದೆ. ಇಂದಿನ ಹೆಚ್ಚಿನ ಕಾರುಗಳ ಅಡ್ಡ ಕೂರುವ ಎಂಜಿನ್ ಇವಕ್ಕೆ ಸುಲಭಕ್ಕೆ ಹೊಂದದು. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್‌ನಂಥ ಗಾಡಿಯ ಎಂಜಿನ್ನಾದರೆ ದಿಕ್ಕಾದರೂ ಸರಿಯಿರುತ್ತದೆ. ಆಮೇಲೆ ಶುರು ನಿಜವಾದ ಕೆಲಸ. ಎಂಜಿನ್ ಫೌಂಡೇಶನ್ ಹೊಸದಾಗಿ ವೆಲ್ಡ್ ಆಗಬೇಕು. ಒಂದಿಷ್ಟು ಓರೆಯಾದರೂ ಗಾಡಿಯೆಲ್ಲ ನಡುಗುತ್ತದೆ. ಗೇರ್‌ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ಜೋಡಿಸಿ, ಬ್ಯಾಲೆನ್ಸ್ ಮಾಡಿಸಬೇಕು. ಇನ್ನು ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್. ಜೋರಾಗಿ ತಿರುಗುವ ಸಣ್ಣ ಪೆಟ್ರೋಲ್ ಎಂಜಿನ್ನಿಗೆಂದು ಲೆಕ್ಕ ಹಾಕಿದ ಅನುಪಾತಕ್ಕೆ ನಿಧಾನ ತಿರುಗುವ ಡೀಸೆಲ್ ಸೇರಿಸಿದರೆ, ಎಂಜಿನ್ನಿನಲ್ಲಿ ಇನ್ನೂ ದಮ್ಮಿರುವಾಗಲೇ ಆರ್‌ಪಿಎಂ ಮಿತಿ ಮುಟ್ಟಿ ಹೈವೇಯಲ್ಲಿ ಗಾಡಿ ಅರಚುತ್ತದೆ. ರೇಡಿಯೇಟರ್ ಸಾಲದು, ಮುಂದಿನ ಭಾರ ಹೆಚ್ಚಿ ಸ್ಟೀರಿಂಗ್ ಬಿಗಿಯಾಗುತ್ತದೆ. ಇಷ್ಟನ್ನೂ ಮಾಡಬಲ್ಲ ಲೇತು, ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ: ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಹಾಪುರದ ಉದ್ಯಮನಗರ. ಕುಶಲತೆ ಇದೆ ಎಂಬ ಧೈರ್ಯವೇ ಬ್ರೇಕನ್ನು ಮರೆಸುತ್ತದೆ ಎಂಬುದು ನನ್ನ ಗುಮಾನಿ. ಹಳೆಯ ಅಂಬಾಸಿಡರ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಗಂಟೆಗೆ 60 ಕಿ.ಮೀ. ಓಡುತ್ತಿದ್ದ ಗಾಡಿ 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು. ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಘಾಟಿ ಹತ್ತಲು ಎಂಜಿನ್ ಹಾಕಿಸಿದವರು ಅದೇ ಘಾಟಿ ಇಳಿಯುವಾಗ ಈ ಡ್ರಮ್ಮುಗಳನ್ನೇ ನಂಬಬೇಕು.

ಮೂಲ ಎಂಜಿನ್ ತೆಗೆದರೆ ಅದು ಹಳೆ ಕಾರಾಗಿ ಉಳಿಯುವುದೇ ಎಂದು ಕೇಳುವವರಿದ್ದಾರೆ. ಅಂಬಾಸಿಡರ್ ಕಥೆ ನೋಡಿದರೆ ಈ ಆಕ್ಷೇಪ ಅರ್ಧ ಕರಗುತ್ತದೆ: ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಈ ಕಾರು 2014ರವರೆಗೆ ಬದುಕಿದ್ದು ಸೈಡ್-ವಾಲ್ವ್ ಎಂಜಿನ್ನಿನಿಂದ ಬಿಎಂಸಿಗೆ, ಡೀಸೆಲ್‌ಗೆ, ಇಸುಜುವಿಗೆ ಬದಲಾಗುತ್ತಲೇ. ಉಳಿದರ್ಧ ಮಾತ್ರ ಗಟ್ಟಿ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕೆಂದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದೆ ಮೂಲ ರೂಪದಲ್ಲೇ ಇರಬೇಕು. ಎಪ್ಪತ್ತರ ದಶಕದ ಆರಂಭದ ಗಾಡಿ ಮನೆಯಲ್ಲಿದ್ದವರು ಅದಕ್ಕೆ ಕೈ ಹಾಕದಿರುವುದೇ ಲೇಸು.

ಕಾನೂನಿನ ತೊಡಕು ಇದಕ್ಕಿಂತ ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ‘ಹಿಂದೆ ಎಷ್ಟೋ ಜನ ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕಿಸಿ ಓಡಿಸಲಿಲ್ಲವೇ’ ಎಂಬ ವಾದ ಚಿಕ್ಕೋಡಿ ಆರ್‌ಟಿಒ ಕಚೇರಿಯಲ್ಲೂ ನಡೆಯದು, ಕೊಗನೊಳ್ಳಿ ದಾಟಿದ ಮೇಲೆ ಮಹಾರಾಷ್ಟ್ರದಲ್ಲೂ ನಡೆಯದು. ಅಪಘಾತವಾದರೆ ವಿಮಾ ಕಂಪನಿ ಮೊದಲು ಎಂಜಿನ್ ನಂಬರನ್ನೇ ನೋಡುತ್ತದೆ. ಮಾನ್ಯತೆ ಪಡೆದ ಕಿಟ್ ಮೂಲಕ ಸಿಎನ್‌ಜಿಗೋ ಬ್ಯಾಟರಿಗೋ ಬದಲಿಸಲು ಅದೇ ಸೆಕ್ಷನ್ ಅವಕಾಶ ಕೊಟ್ಟಿದೆ. ಎಂಜಿನ್ನನ್ನೇ ಕಿತ್ತು ಬ್ಯಾಟರಿ ಇಟ್ಟರೆ ಸರಿ, ಇನ್ನೂ 300 ಸಿಸಿ ಸೇರಿಸಿದರೆ ತಪ್ಪು ಎಂಬುದು ಹಳೆ ಕಾರಿನ ಪ್ರಿಯರಿಗೆ ನುಂಗಲಾರದ ತುತ್ತು. ಹೊಗೆಯ ಲೆಕ್ಕದಲ್ಲಿ ಅದಕ್ಕೊಂದು ತರ್ಕವಿದೆ ಎಂದು ಒಪ್ಪಲೇಬೇಕು.

ಹಾಗಿದ್ದರೆ ಉಳಿಯುವ ದಾರಿ ಚಿಕ್ಕದು, ಆದರೆ ಇದೆ. ಎಳೆತ ಬೇಕೆನ್ನುವವರು ಬಿಎಂಸಿ ಗಾಡಿ ಕೊಂಡು ಎಂಜಿನ್ ಹುಡುಕುತ್ತ ಗುಜರಿ ಅಲೆಯುವ ಬದಲು, ಕಾರ್ಖಾನೆಯಿಂದಲೇ ಇಸುಜು ಹೊತ್ತು ಬಂದ ಕಾಂಟೆಸ್ಸಾ ಕ್ಲಾಸಿಕ್ ಇಲ್ಲವೇ ಅಂಬಾಸಿಡರ್ 1800 ಹುಡುಕಲಿ. ಐದನೇ ಗೇರು ಅದರಲ್ಲೇ ಇರುತ್ತದೆ, ಆರ್‌ಸಿಯಲ್ಲಿ 1,817 ಸಿಸಿ ಎಂದೇ ಬರೆದಿರುತ್ತದೆ, ಉಳಿದ ದುಡ್ಡು ಬ್ರೇಕು, ಟೈರು, ರೇಡಿಯೇಟರಿಗೆ ಒದಗುತ್ತದೆ.