ಅಜ್ಞಾತ ಮೃತನ ಗಂಟು

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ನಮ್ಮೂರಿನ ಬಸ್ ನಿಲ್ದಾಣದ ಜಗಲಿಯ ಮೇಲೆ ವೃದ್ಧನೊಬ್ಬನು ಮಲಗಿದಂತೆಯೇ ಮೃತನಾಗಿದ್ದನು. ಅವನ ಹೆಸರಾಗಲಿ ಊರಾಗಲಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆ ಮಾರ್ಗವಾಗಿ ಹೋಗುತ್ತಿದ್ದ ನನ್ನನ್ನು ಪೊಲೀಸಿನವರು ಪಂಚನಾಗಿ ನಿಲ್ಲಿಸಿಕೊಂಡರು. ನನ್ನವನೆಂದು ಹೇಳಿಕೊಳ್ಳುವವರಿಲ್ಲದೆ ಸತ್ತವನ ಮೈಮೇಲಿನ ವಸ್ತುಗಳು ಯಾರ ಕೈ ಸೇರುವುವೆಂಬ ಪ್ರಶ್ನೆ ಅಂದು ನನ್ನಲ್ಲಿ ಹುಟ್ಟಿತು. ವಿಚಾರಿಸಿ ತಿಳಿದುದನ್ನು ಗೃಹಸ್ಥರಾದ ವಾಚಕರ ಮುಂದಿಡುತ್ತೇನೆ.

ಪ್ರಶ್ನೆಯೇನೋ ಹಳೆಯದು. ಒಡೆಯನು ತಿಳಿಯದ ಧನವನ್ನು ರಾಜನು ಮೂರು ವರ್ಷ ಕಾದಿರಿಸಬೇಕೆಂದೂ, ಅಷ್ಟರೊಳಗೆ ಬಂದು ಅದರ ರೂಪ ಸಂಖ್ಯೆಗಳನ್ನು ಸರಿಯಾಗಿ ಹೇಳಿದವನಿಗೆ ಅದು ಸಲ್ಲತಕ್ಕುದೆಂದೂ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ, ಧನಮಿತ್ರನೆಂಬ ಸಮುದ್ರವ್ಯಾಪಾರಿಯು ಹಡಗೊಡೆದು ಸತ್ತನೆಂದೂ, ಸಂತಾನವಿಲ್ಲದುದರಿಂದ ಅವನ ಸಂಪತ್ತು ಅರಸನಿಗೆ ಸೇರತಕ್ಕುದೆಂದೂ ಅಮಾತ್ಯನು ಬರೆದು ಕಳುಹಿಸುತ್ತಾನೆ. ದುಷ್ಯಂತನು ಕೂಡಲೇ ಬೊಕ್ಕಸ ತುಂಬಿಕೊಳ್ಳಲಿಲ್ಲ; ಸತ್ತವನ ಪತ್ನಿಯರಲ್ಲಿ ಗರ್ಭಿಣಿಯರುಂಟೆ, ವಿಚಾರಿಸಿರಿ ಎಂದನು. ಒಬ್ಬಳಿರುವಳೆಂದು ತಿಳಿಯಲು, ಗರ್ಭಸ್ಥ ಶಿಶುವಿಗೇ ಪಿತೃಧನವೆಂದು ವಿಧಿಸಿದನು. ಪಾಠ ಹೇಳುವಾಗ ನಾನು ಈ ಭಾಗವನ್ನು ಬೇಗ ದಾಟಿಬಿಡುತ್ತಿದ್ದೆನು. ಅದು ತಪ್ಪೆಂದು ಈಗ ತೋರುತ್ತದೆ.

2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ನಡೆಯುತ್ತಲಿದೆ. ಅದರ 194ನೆಯ ಪ್ರಕರಣದಂತೆ, ಅಸಹಜವಾಗಿ ಅಥವಾ ಸಂಶಯಾಸ್ಪದವಾಗಿ ಸತ್ತವನ ಶವವನ್ನು ಆ ನೆರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿನಲ್ಲಿ ಪರಿಶೀಲಿಸಿ ವರದಿ ಬರೆಯಬೇಕು. ಮೈಮೇಲಿನ ವಸ್ತುಗಳನ್ನು ಮಹಜರಿನಲ್ಲಿ ದಾಖಲಿಸುತ್ತಾರೆ. ಉಂಗುರವಿದ್ದರೆ ಚಿನ್ನದ್ದೆಂದು ಬರೆಯದೆ 'ಹಳದಿ ಲೋಹದ್ದು' ಎಂದು ಬರೆಯುವುದು ವಾಡಿಕೆ. ಅಕ್ಕಸಾಲಿಯು ಒರೆಹಚ್ಚುವ ತನಕ ಅದು ಲೋಹವೇ. ಠಾಣೆಯಲ್ಲಿ ಸ್ವತ್ತಿಗೆ ಪಿ.ಎಫ್. ಸಂಖ್ಯೆ ಬೀಳುತ್ತದೆ. ಹಕ್ಕುದಾರರು ಮೊದಲು ಕೇಳಿ ತಿಳಿಯಬೇಕಾದುದು ಆ ಸಂಖ್ಯೆಯನ್ನೇ.

ಬಳಿಕ ವಿಷಯವು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಹಕ್ಕುದಾರನು ತಿಳಿದಿದ್ದರೆ ಅವನಿಗೆ ಕೊಡಿಸಬಹುದು. ತಿಳಿಯದಿದ್ದರೆ ಸ್ವತ್ತನ್ನು ಇರಿಸಿಕೊಂಡು, ವಸ್ತುಗಳ ವಿವರದೊಡನೆ ಪ್ರಕಟಣೆ ಹೊರಡಿಸಿ ಆರು ತಿಂಗಳ ಅವಧಿ ಕೊಡಬಹುದು. ಅಷ್ಟರೊಳಗೆ ಯಾರೂ ಹಕ್ಕು ಸ್ಥಾಪಿಸದಿದ್ದರೆ ಅದು ರಾಜ್ಯಸರ್ಕಾರದ ವಶಕ್ಕೆ ಹೋಗುತ್ತದೆ, ಮಾರಲೂಬಹುದು. ಮನುವಿನ ಮೂರು ವರ್ಷ ಆರು ತಿಂಗಳಾಯಿತು! ಆದುದರಿಂದ ಮನೆಯವರು ಕಾಣೆಯಾದಾಗ, ನಾಲ್ಕು ಜನ ಏನೆಂದಾರೋ ಎಂದು ದೂರು ಕೊಡಲು ಹಿಂಜರಿಯುವುದು ದೊಡ್ಡ ಅನರ್ಥ.

ವಿಧಿಯಲ್ಲಿ ಹೆಚ್ಚಿನ ದೋಷವನ್ನು ನಾನು ಕಾಣೆನು. ದೋಷವಿರುವುದು ಬರೆಯುವ ಕೈಯಲ್ಲಿ. ಅಂದು ನಮ್ಮೆದುರು ಬಿಚ್ಚಿದ ಗಂಟಿನಲ್ಲಿ ಎಲೆಯಡಿಕೆಯ ಚೀಲ, ಒಡೆದ ಕನ್ನಡಕ, ನಲವತ್ತೆರಡು ರೂಪಾಯಿ, ದಾರ ಕಟ್ಟಿದ ಒಂದು ಬೀಗದ ಕೈ, ಮಡಿಸಿದ ಅಂಗಿ ಇದ್ದುವು. ಪೇದೆಯು 'ಹಳೆಯ ಅಂಗಿ 1' ಎಂದು ಬರೆದು ಮುಂದೆ ಸಾಗಿದನು. ಅಂಗಿಯ ಕೊರಳುಪಟ್ಟಿಯೊಳಗೆ ದರ್ಜಿಯ ಅಂಗಡಿಯ ಚೀಟಿ ಹೊಲಿದಿತ್ತು. ಅದನ್ನೂ ಬರೆಯಿರಿ ಎಂದೆನು. "ಮೇಷ್ಟ್ರೇ, ಇದೇನು ಪರೀಕ್ಷೆಯ ಉತ್ತರಪತ್ರಿಕೆಯೆ?" ಎಂದು ಗೊಣಗಿದರೂ ಬರೆದನು.

ಆ ಚೀಟಿಯ ಜಾಡಿನಲ್ಲಿ ನಾಲ್ಕನೆಯ ತಿಂಗಳಲ್ಲಿ ಮೃತನ ಮಗಳು ಸಿಕ್ಕಿದಳು. ವಸ್ತುಗಳನ್ನು ಒಪ್ಪಿಸಿಕೊಳ್ಳುವ ದಿನ ಸಾಕ್ಷಿಯಾಗಿ ನಾನೂ ಹೋಗಿದ್ದೆನು. ಆಕೆ ರೂಪಾಯಿಗಳನ್ನು ಎಣಿಸಲಿಲ್ಲ. ಬೀಗದ ಕೈಯನ್ನು ಮಾತ್ರ ಕೇಳಿ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಂದೆ ಹೋದಂದಿನಿಂದ ಆ ಮನೆಯ ಬಾಗಿಲನ್ನು ಯಾರೂ ತೆರೆದಿರಲಿಲ್ಲವಂತೆ.